ಕಿವಿರಾಯನ ಜೊಂಡುಸಿಳ್ಳೆ

ಆದ ಅನಾಹುತಕ್ಕೆಲ್ಲ ಮೂಲ ಒಂದು ಬೆರಳುದ್ದದ ಹತ್ತಿಕಡ್ಡಿ. ಅವತ್ತು ಸಂಜೆ ಐದಕ್ಕೆ ಪರೀಕ್ಷೆಯಿತ್ತು, ಅದೂ ಕಿವಿಗೆ. ಪರೀಕ್ಷೆಯ ದಿನ ಹುಡುಗರು ಪೆನ್ಸಿಲ್ ಚೂಪು ಮಾಡಿಕೊಳ್ಳುವ ಹಾಗೆ ತಾನೂ ಕಿವಿಯನ್ನು ಒಂದಿಷ್ಟು ಹಸನು ಮಾಡಿಕೊಳ್ಳೋಣ ಎಂದು ಕಿವಿರಾಯ ಬೆಳಗ್ಗೆ ಏಳಕ್ಕೆ ಕನ್ನಡಿಯ ಮುಂದೆ ನಿಂತ. ಬಲಗಿವಿಯಲ್ಲಿ ಕಡ್ಡಿಯನ್ನು ಎರಡು ಸುತ್ತು ತಿರುಗಿಸಿ ಹೊರಗೆಳೆದ. ಕಡ್ಡಿ ಬಂತು, ಹತ್ತಿ ಬರಲಿಲ್ಲ.

ಕಿವಿರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ನೀರು ಸರಬರಾಜು ಕಚೇರಿಯವರು ಇಟ್ಟದ್ದು. ರಸ್ತೆಯ ಮೇಲೆ ಉಕ್ಕಿನ ಕೋಲೊಂದನ್ನು ಊರಿ, ಅದರ ತುದಿಯ ಬಟ್ಟಲಿಗೆ ಕಿವಿಗೊಟ್ಟು, ನೆಲದೊಳಗಿನ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಪತ್ತೆ ಮಾಡುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಅವನು ‘ಇಲ್ಲಿ’ ಎಂದು ಸೀಮೆಸುಣ್ಣದ ಗೆರೆ ಎಳೆದ ಕಡೆ ಅಗೆದು ನೀರು ಸಿಗದೆ ಹೋದದ್ದು ಒಮ್ಮೆಯೂ ಇಲ್ಲ. ಕಚೇರಿಯಲ್ಲಿ ಯಂತ್ರಗಳು ಬಂದವು, ಕೆಟ್ಟವು, ಮೂಲೆ ಸೇರಿದವು. ಕಿವಿರಾಯನ ಕಿವಿ ಮಾತ್ರ ಹಾಗೇ ಇತ್ತು.

ಆದರೆ ಸೋರುವ ಸದ್ದನ್ನೇ ಕೇಳಿ ಕೇಳಿ ಅವನ ಜೀವ ಬೇಸತ್ತಿತ್ತು. ಸದ್ದೊಂದು ಕೇಳಿಸಿತು ಅಂದರೆ ಅದರ ಬೆನ್ನಿಗೇ ಗುದ್ದಲಿ ಬರಬೇಕು, ರಸ್ತೆ ಒಡೆಯಬೇಕು, ಬೀದಿಯವರೆಲ್ಲ ಬೈಯಬೇಕು. ಕೇಳಿದ ಮೇಲೆ ಅಗೆಯಬೇಕಾಗಿಲ್ಲದ ಸದ್ದೊಂದನ್ನು ಸಾಯುವುದರೊಳಗೆ ಕೇಳಬೇಕು ಅನ್ನುವ ಆಸೆಯಿಂದಲೇ ಅವನು ಹಕ್ಕಿಗಳ ಹಿಂದೆ ಬಿದ್ದದ್ದು. ಹನ್ನೊಂದು ವರ್ಷದಿಂದ ಅವನ ತಲೆಯೊಳಗೆ ಗೂಡು ಕಟ್ಟಿದ್ದು ಒಂದೇ ಹಕ್ಕಿ. ಸಮುದ್ರದಾಚೆಯ ಒಂದು ದೇಶದ ಜವುಗಿನಲ್ಲಿ, ಆಳೆತ್ತರದ ಜೊಂಡಿನೊಳಗೆ ಇರುವ ಹೆಬ್ಬೆರಳಷ್ಟು ಕಂದು ಹಕ್ಕಿ. ಕಣ್ಣಿಗೆ ಬೀಳುವುದೇ ಇಲ್ಲ. ವರ್ಷಕ್ಕೆ ಮೂರು ವಾರ, ಬೆಳಕು ಹರಿಯುವ ಹೊತ್ತಿಗೆ, ಸಣ್ಣಗೆ ಸಿಳ್ಳೆ ಹಾಕುತ್ತದಂತೆ, ಅಷ್ಟೇ. ಹಕ್ಕಿ ನೋಡುವವರು ಅದನ್ನು ಜೊಂಡುಸಿಳ್ಳೆ ಅನ್ನುತ್ತಿದ್ದರು.

ಅಲ್ಲಿಗೆ ಪ್ರತಿವರ್ಷ ಐದು ಜನರನ್ನು ಕರೆದುಕೊಂಡು ಹೋಗುತ್ತಿದ್ದವರು ನಿವೃತ್ತ ಭೂಗೋಳದ ಮೇಷ್ಟ್ರೊಬ್ಬರು. ಆ ಜವುಗಿನ ಕಾವಲುಗಾರ ಮೇಷ್ಟ್ರ ಮುಖ ನೋಡಿದರೆ ಮಾತ್ರ ಗೇಟು ತೆಗೆಯುತ್ತಿದ್ದ. ಈ ಸಲ ಹೊರಟವರಲ್ಲಿ ಒಬ್ಬರ ಮಂಡಿ ಕೈಕೊಟ್ಟಿತ್ತು. ಖಾಲಿಯಾದ ಜಾಗಕ್ಕೆ ಕಿವಿರಾಯ ಬರಬಹುದು, ಆದರೆ ಹನ್ನೆರಡು ಹಕ್ಕಿಗಳ ಕೂಗು ಕೇಳಿಸುತ್ತೇನೆ, ಗುರುತು ಹಿಡಿಯಬೇಕು ಎಂದು ಮೇಷ್ಟ್ರು ಷರತ್ತು ಹಾಕಿದ್ದರು. ಜೊಂಡಿನಲ್ಲಿ ಕಣ್ಣಿದ್ದವನಿಂದ ಉಪಯೋಗವಿಲ್ಲ, ಕಿವಿಯಿದ್ದವನು ಬೇಕು ಎಂಬುದು ಅವರ ಸಿದ್ಧಾಂತ. ಹೊರಡುವುದಕ್ಕೆ ಇನ್ನು ನಾಲ್ಕೇ ದಿನ.

ಹೆಂಡತಿ ಕಿವಿಯೊಳಗೆ ಇಣುಕಿ ನೋಡಿದಳು. ಸುಮ್ಮನೆ ಡಾಕ್ಟರ ಹತ್ತಿರ ಹೋಗಿ, ಯಾರ ಕೈಗೂ ಕಿವಿ ಕೊಡಬೇಡಿ ಎಂದಳು. ಅವನ ಮನೆಯಲ್ಲಿ ಅವತ್ತು ಯಾರಾದರೂ ಆಡಿದ ಬುದ್ಧಿಮಾತು ಅದೊಂದೇ. ಅದನ್ನು ಅವಳು ಆಡಿದ್ದು ಬಲಗಿವಿಯ ಕಡೆ ನಿಂತು.

ಅಷ್ಟರಲ್ಲಿ ಮೇಲ್ಮನೆಯ ಕಂಪೌಂಡರು ಇಳಿದು ಬಂದರು. ಆಸ್ಪತ್ರೆಯಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಔಷಧದ ಪೆಟ್ಟಿಗೆ ಅವರಿಂದ ನಿವೃತ್ತಿ ಪಡೆದಿರಲಿಲ್ಲ. ಬೆಚ್ಚನೆಯ ಎಣ್ಣೆ ನಾಲ್ಕು ಹನಿ ಬಿಟ್ಟರೆ ಹತ್ತಿ ತಾನಾಗಿ ಜಾರಿ ಬರುತ್ತದೆ ಎಂದರು. ಹತ್ತಿ ಎಣ್ಣೆ ಕುಡಿದು ಉಬ್ಬಿ, ಮನೆಯಳಿಯನಂತೆ ಇದ್ದಲ್ಲೇ ಬೇರುಬಿಟ್ಟಿತು. ಆಮೇಲೆ ನೊರೆ ಬರುವ ಔಷಧ ಬಿಟ್ಟರು. ಕಿವಿಯೊಳಗೆ ಹಾಲು ಉಕ್ಕಿದಂತಾಯಿತು.

ಎಡಗಿವಿ ಚೆನ್ನಾಗಿಯೇ ಇದೆ ಎಂದು ಕಿವಿರಾಯ ಕೈಮುಗಿದು ಹೇಳಿದ. ಕಂಪೌಂಡರು ಕೇಳಲಿಲ್ಲ.

“ಜೋಡೆತ್ತಲ್ಲಿ ಒಂದಕ್ಕೇ ಮೇವು ಹಾಕಿದ್ರೆ ಗಾಡಿ ನೆಟ್ಟಗೆ ಹೋಗುತ್ತೇನಪ್ಪಾ? ಆ ಕಡೆ ತಿರುಗು,” ಎಂದರು.

ಅವನು ಕೊನೆಯದಾಗಿ ಸರಿಯಾಗಿ ಕೇಳಿಸಿಕೊಂಡ ಮಾತು ಅದು. ಗಂಟೆ ಒಂಬತ್ತಾಗುವ ಹೊತ್ತಿಗೆ ಎರಡು ಕಿವಿಗಳೂ ಬಾಗಿಲು ಹಾಕಿಕೊಂಡವು. ಹೆಂಡತಿಯ ಬಾಯಿ ಆಡುತ್ತಿತ್ತು, ಕಂಪೌಂಡರ ಬಾಯಿ ಆಡುತ್ತಿತ್ತು. ಬಾವಿಯೊಳಗೆ ಬಿದ್ದವನು ದಂಡೆಯ ಮೇಲಿನವರ ಜಗಳ ನೋಡಿದ ಹಾಗೆ ಅವನು ಇಬ್ಬರನ್ನೂ ನೋಡಿದ.

ಡಾಕ್ಟರ ಹತ್ತಿರ ನೇರವಾಗಿ ಹೋಗುವಂತಿರಲಿಲ್ಲ. ಹದಿನೈದು ದಿನದ ರಜೆಯ ಅರ್ಜಿಗೆ ಅವತ್ತೇ ಎಂಜಿನಿಯರ್ ಸಾಹೇಬರ ಸಹಿ ಬೀಳಬೇಕಿತ್ತು. ಕಚೇರಿಯಲ್ಲಿ ಅವನನ್ನು ಮೊದಲು ಹಿಡಿದುಕೊಂಡವನು ಫಿಟ್ಟರ್. ಕಟ್ಟಿದ ಕೊಳವೆಗೆ ತನ್ನ ಹತ್ತಿರ ಮದ್ದಿಲ್ಲ ಎಂದು ಒಪ್ಪಿಕೊಂಡ ಮನುಷ್ಯನೇ ಅಲ್ಲ ಅವನು. ಮೀಟರಿನ ಕಸ ಊದುವ ಕೈಪಂಪನ್ನು ತಂದು, ಕಿವಿರಾಯ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದಂತೆಯೇ ಒಂದು ಸಲ ಒತ್ತಿದ. ಬಾಗಿಲ ಬಳಿ ಇದ್ದ ಹತ್ತಿ ನಡುಮನೆಗೆ ಹೋಯಿತು. ಕಿವಿರಾಯನ ಕಣ್ಣಲ್ಲಿ ನೀರು ಬಂತು. ಫಿಟ್ಟರ್ ಅದನ್ನು ನೋಡಿ, ಇನ್ನೇನು ದಾರಿ ಬಿಟ್ಟಿತು ಎಂಬಂತೆ ತಲೆಯಾಡಿಸಿದ.

ಸಾಹೇಬರು ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಹದಿನೈದು ದಿನ ಯಾಕಯ್ಯಾ?”

“ಬೆಳಗ್ಗೆ ಏಳು ಗಂಟೆಗೆ ಸಾರ್.”

“ವಿದೇಶಕ್ಕೆ ಹೋಗ್ತೀಯಂತಲ್ಲ, ಅಲ್ಲಿ ನಿಂಗೇನು ಕೆಲಸ?”

“ಮೊದ್ಲು ಬಲಗಡೆ ಇತ್ತು ಸಾರ್. ಈಗ ಎರಡೂ ಕಡೆ.”

ಸಾಹೇಬರು ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಅವನು ನಾಲ್ಕಕ್ಕೂ ವಿನಯವಾಗಿ ಬೇರೆ ಯಾವುದೋ ಪ್ರಶ್ನೆಯ ಉತ್ತರ ಹೇಳಿದ. ಕೊನೆಗೆ ಅವರು ಕೂಗಿ ಕೂಗಿ ಗಂಟಲು ಕಟ್ಟಿ, ನೀರು ಕುಡಿದು, ಈ ಪ್ರಾಣಿ ಎದುರಿಂದ ತೊಲಗಿದರೆ ಸಾಕು ಎಂದು ಸಹಿ ಹಾಕಿಬಿಟ್ಟರು. ಹನ್ನೊಂದು ವರ್ಷ ಬಾಯಿಬಿಟ್ಟು ಕೇಳಿದರೂ ಸಿಗದ ರಜೆ, ಕಿವಿ ಮುಚ್ಚಿದ ದಿನ ಸಿಕ್ಕಿತು. ಅದನ್ನು ಕಂಡು ಅವನಿಗೆ ಸಂತೋಷಪಡಲೂ ಭಯವಾಯಿತು.

ಕಿವಿ ಮೂಗು ಗಂಟಲಿನ ಆಸ್ಪತ್ರೆಯಲ್ಲಿ ಅವನಿಗೆ ನಲವತ್ತೇಳನೆಯ ಚೀಟಿ ಕೊಟ್ಟು ಬೆಂಚು ತೋರಿಸಿದರು. ಹನ್ನೆರಡಕ್ಕೆ ಕೂತ. ಎದುರಿಗಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು, ಬಂದರು. ಹಿಂದಿನಿಂದ ಬಂದವರೂ ಹೋದರು, ಬಂದರು. ಎರಡಾಯಿತು, ಮೂರಾಯಿತು. ಬೆಂಚಿನ ಮೇಲೆ ಅವನೊಬ್ಬನೇ ಉಳಿದಾಗ ಅವನಿಗೆ ಸಂಗತಿ ಹೊಳೆಯಿತು: ಈ ಆಸ್ಪತ್ರೆಯಲ್ಲಿ ನಂಬರನ್ನು ಕೂಗಿ ಕರೆಯುತ್ತಾರೆ. ಕಿವಿ ಕೇಳದವರಿಗೆಂದೇ ಕಟ್ಟಿದ ಆಸ್ಪತ್ರೆಯಲ್ಲಿ ಕಿವಿ ಕೇಳುವವರಿಗೆ ಮಾತ್ರ ಚಿಕಿತ್ಸೆ. ಬಾಗಿಲು ತಳ್ಳಿಕೊಂಡು ಒಳಗೆ ಹೋದಾಗ ಡಾಕ್ಟರಮ್ಮ ಕೈಚೀಲ ಹೆಗಲಿಗೇರಿಸಿ ಮನೆಗೆ ಹೊರಟಿದ್ದರು. ಅವನು ಚೀಟಿಯನ್ನು ಮೇಜಿನ ಮೇಲಿಟ್ಟು, ತಲೆಯನ್ನು ವಾಲಿಸಿ, ಕಿವಿಯನ್ನು ಅವರ ಮುಂದೆ ಹಿಡಿದು ನಿಂತ. ಅವನ ಮುಖ ನೋಡಿ ಆಕೆ ಚೀಲ ಕೆಳಗಿಟ್ಟರು.

ಎಣ್ಣೆ, ನೊರೆ, ಗುಗ್ಗೆ ಎಲ್ಲ ತಟ್ಟೆಗೆ ಬಂತು. ಕಡೆಗೆ ಇಕ್ಕಳದ ತುದಿಗೆ ಕಡಲೆಕಾಳಿನಷ್ಟು ಹತ್ತಿ ಬಂತು. ಮುಚ್ಚಿದ ಲೋಕ ಒಮ್ಮೆಲೇ ತೆರೆಯಿತು. ಫ್ಯಾನಿನ ಕಿರುಗುಟ್ಟು, ಕಾರಿಡಾರಿನಲ್ಲಿ ಯಾರದೋ ಚಪ್ಪಲಿ, ಪಕ್ಕದ ಕೋಣೆಯಲ್ಲಿ ಕಾಗದದ ಮೇಲೆ ಓಡುವ ಪೆನ್ನು, ಎಲ್ಲವೂ ಕೇಳಿಸಿತು. ಹುಟ್ಟಿದಾಗಲೂ ಇಷ್ಟು ಚೆನ್ನಾಗಿ ಕೇಳಿಸಿರಲಿಕ್ಕಿಲ್ಲ ಅನ್ನಿಸಿತು ಕಿವಿರಾಯನಿಗೆ. ಗಡಿಯಾರ ನೋಡಿ ಎದ್ದು ಓಡಿದ.

ಮೇಷ್ಟ್ರ ನಡುಮನೆಯಲ್ಲಿ ಉಳಿದ ನಾಲ್ವರು ಸಹಯಾತ್ರಿಗಳು ನಕ್ಷೆ ಹರಡಿಕೊಂಡು ಕೂತಿದ್ದರು. ಮೇಷ್ಟ್ರು ಧ್ವನಿಮುದ್ರಣದ ಯಂತ್ರದಲ್ಲಿ ಒಂದೊಂದೇ ಕೂಗು ಕೇಳಿಸಿದರು. ಕಿವಿರಾಯ ಒಂದೊಂದನ್ನೂ ಹೇಳಿದ. ಏಳನೆಯದಕ್ಕೆ, ಇದು ಗಂಡಲ್ಲ ಮೇಷ್ಟ್ರೇ, ಮರಿ ಮಾಡಿದ ಹೆಣ್ಣು ಎಂದ. ನಾಲ್ವರೂ ನಕ್ಷೆ ಬಿಟ್ಟು ಅವನನ್ನೇ ನೋಡಿದರು. ಹನ್ನೆರಡನೆಯದು ಜೊಂಡುಸಿಳ್ಳೆಯದೇ. ಅದನ್ನು ಕೇಳಿ ಅವನು ಹೆಸರು ಹೇಳುವುದನ್ನೂ ಮರೆತು, ನಕ್ಷೆಯ ಮೇಲಿನ ಜವುಗಿಗೆ ಬೆರಳಿಟ್ಟ. ಮೇಷ್ಟ್ರು ಯಂತ್ರ ಆರಿಸಿ, ಅವನ ಕೈಹಿಡಿದು ಕುಲುಕಿದರು.

“ನಿಮ್ಮಂಥ ಕಿವಿ ನಾನು ನೋಡಿಲ್ಲ. ಬಟ್ಟೆ ಕಟ್ಟಿಕೊಳ್ಳಿ,” ಎಂದರು.

ಅಲ್ಲಿಗೆ ಎದ್ದು ಮನೆಗೆ ಹೋಗಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಕೂಗು ನಿಂತ ನಿಶ್ಶಬ್ದದಲ್ಲಿ ಅವನಿಗೆ ಇನ್ನೊಂದು ಸದ್ದು ಕೇಳಿಸಿತು. ಸಣ್ಣಗೆ, ಎಡೆಬಿಡದೆ, ಸೀ ಎಂದು. ಹತ್ತೊಂಬತ್ತು ವರ್ಷ ಆ ಸದ್ದಿನ ಹಿಂದೆಯೇ ನಡೆದವನು ಅವನು. ಬೇಡ, ಸುಮ್ಮನಿರು ಎಂದು ತನಗೆ ತಾನೇ ಹೇಳಿಕೊಂಡ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ. ಬಗ್ಗಿದಾಗ ಸದ್ದು ಜೋರಾಯಿತು. ನೆಲಕ್ಕೆ ಹತ್ತಿರವಾದಷ್ಟೂ ಜೋರು. ನಾಲ್ಕು ದಿನ ಬಿಟ್ಟು ಮೇಷ್ಟ್ರು ಮನೆಗೆ ಬೀಗ ಹಾಕಿ ಹೋಗುತ್ತಾರೆ, ಹದಿನೈದು ದಿನ ಕೆಳಗೆ ಮಣ್ಣು ಕೊಚ್ಚಿಹೋದರೆ ಮನೆಯ ಗತಿ? ಅನ್ನ ತಿಂದ ಕಸುಬಿಗೆ ಮೋಸ ಮಾಡಲಾರದೆ ಬಾಯಿಬಿಟ್ಟ.

ಗೋಡೆಯ ಮೇಲೆ ಒಂದು ತೇವದ ಕಲೆ ಇದೆ, ನನಗೂ ಅನುಮಾನ ಇತ್ತು ಎಂದರು ಮೇಷ್ಟ್ರು. ಮನೆಯ ಅಡಿಯಲ್ಲೇ ಬೀದಿಯ ದೊಡ್ಡ ಕೊಳವೆ ಹಾಯ್ದುಹೋಗಿತ್ತು. ಕಚೇರಿಗೆ ಫೋನು ಹೋಯಿತು. ಹೇಳಿದವನು ಕಿವಿರಾಯ ಎಂದಮೇಲೆ ಮರುಪ್ರಶ್ನೆ ಇಲ್ಲ. ಅರ್ಧ ಗಂಟೆಯಲ್ಲಿ ಫಿಟ್ಟರ್, ಹಾರೆ, ಗುದ್ದಲಿ ಎಲ್ಲ ಬಂದವು. ಬೆಳಗ್ಗಿನ ಸಿಟ್ಟು ಮರೆತು ಸಾಹೇಬರೂ ಖುದ್ದಾಗಿ ಬಂದರು. ಕಿವಿರಾಯ ನೆಲಕ್ಕೆ ಕಿವಿಯಿಟ್ಟು, ಸೀಮೆಸುಣ್ಣ ತೆಗೆದುಕೊಂಡು, ನಡುಮನೆಯ ನಟ್ಟನಡುವೆ ಗೆರೆ ಎಳೆದ.

ಹಾಸುಗಲ್ಲು ಎದ್ದವು. ಮೂರಡಿ ಅಗೆದರು, ಮಣ್ಣು ಒಣಗಿತ್ತು. ಕಿವಿರಾಯ ಮತ್ತೆ ಬಗ್ಗಿ ಆಲಿಸಿ, ಸದ್ದು ಊಟದ ಮನೆಯ ಕಡೆ ಸರಿದಿದೆ ಎಂದ. ಅಲ್ಲೂ ಅಗೆದರು. ಅಲ್ಲಿಂದ ಅಡುಗೆಮನೆಗೆ ಹೋಯಿತು ಎಂದ. ನಾಲ್ವರು ಹಕ್ಕಿಪ್ರೇಮಿಗಳು ಮಣ್ಣಿನ ಬುಟ್ಟಿ ಹೊತ್ತು ಅಂಗಳಕ್ಕೆ ಸುರಿದು ಬಂದರು. ಹಿಂದಿನ ಮನೆಯಲ್ಲಿ ನಾಯಿ ಬೊಗಳಿತು, ಬೀದಿಯ ಜನ ಕಿಟಕಿಗೆ ಮುಖವೊತ್ತಿ ನಿಂತು ಸಲಹೆ ಕೊಟ್ಟರು. ಅಡುಗೆಮನೆಯ ಹೊಂಡದಲ್ಲಿ ಕೊಳವೆಯೇ ಸಿಕ್ಕಿತು. ಫಿಟ್ಟರ್ ಅದರ ಮೇಲೆ ಕೈಯಾಡಿಸಿ, ಮಗುವಿನ ಕೆನ್ನೆ ಹಾಗಿದೆ ಸಾರ್, ಒಂದು ತೊಟ್ಟು ಬೆವರೂ ಇಲ್ಲ ಎಂದ. ಅದೇ ಹೊತ್ತಿಗೆ ಸಹಯಾತ್ರಿಯೊಬ್ಬರು ಗೋಡೆಯ ಕಲೆಯನ್ನು ಹತ್ತಿರದಿಂದ ನೋಡಿದರು. ಅದರ ಮೇಲೆ ಒಂದು ಮೊಳೆಯಿತ್ತು, ಮೊಳೆಯಲ್ಲಿ ಮೇಷ್ಟ್ರ ರೇನ್‌ಕೋಟು ತೂಗುತ್ತಿತ್ತು.

ಸೀ ಎಂಬ ಸದ್ದು ಮಾತ್ರ ನಿಂತಿರಲಿಲ್ಲ. ಗಲಾಟೆ ತಾಳಲಾರದೆ, ಒಂದು ನಿಮಿಷ ಸಮಾಧಾನವಾಗಿ ಯೋಚಿಸೋಣ ಎಂದು ಕಿವಿರಾಯ ಎರಡು ಕೈಗಳಿಂದ ಎರಡು ಕಿವಿಗಳನ್ನೂ ಗಟ್ಟಿಯಾಗಿ ಮುಚ್ಚಿಕೊಂಡ. ನಾಯಿಯ ಸದ್ದು ನಿಂತಿತು. ಜನರ ಸದ್ದು ನಿಂತಿತು. ಗುದ್ದಲಿ ನಿಂತಿತು. ಸೀ ಎಂಬುದು ಇನ್ನಷ್ಟು ಸ್ಪಷ್ಟವಾಗಿ ಕೇಳಿಸಿತು.

ಅವನಿಗೆ ಕೈ ತೆಗೆಯಲು ಧೈರ್ಯ ಬರಲಿಲ್ಲ. ಸಾಹೇಬರು ಹತ್ತಿರ ಬಂದು, ಮೆಲ್ಲಗೆ ಅವನ ಒಂದು ಕೈಯನ್ನು ಕೆಳಗಿಳಿಸಿದರು.

“ಇನ್ನೂ ಕೇಳಿಸ್ತಾ ಇದೆಯಾ?”

“ಕೇಳಿಸ್ತಿದೆ ಸಾರ್.”

“ಸರಿ, ಎಲ್ಲಿ ಅಗೀಬೇಕು, ತೋರಿಸು.”

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕಿವಿರಾಯನ ಬೆರಳು ನೆಲ ತೋರಿಸಲಿಲ್ಲ. ಅದು ನಿಧಾನವಾಗಿ ಮೇಲೆದ್ದು, ಅವನ ಬಲಗಿವಿಯ ಪಕ್ಕದಲ್ಲಿ ನಿಂತಿತು.

ಯಾರೂ ನಗಲಿಲ್ಲ, ಅದೇ ಅವನಿಗೆ ಕಷ್ಟವಾದದ್ದು. ಮೇಷ್ಟ್ರು ಮೂರು ಹೊಂಡಗಳ ನಡುವೆ ಉಳಿದಿದ್ದ ಒಂದೇ ಕುರ್ಚಿಯ ಮೇಲೆ ಕೂತು, ಮನೆ ಹೀಗೆ ಬಾಯ್ದೆರೆದುಕೊಂಡಿರುವಾಗ ತಾನು ಎಲ್ಲಿಗೂ ಹೋಗುವ ಹಾಗಿಲ್ಲ ಎಂದರು. ಮೇಷ್ಟ್ರಿಲ್ಲದೆ ಜವುಗಿನ ಗೇಟು ತೆಗೆಯುವುದಿಲ್ಲ. ನಾಲ್ವರು ನಕ್ಷೆಯ ಮಣ್ಣು ಕೊಡವಿ, ಮಡಚಿ, ಅವನ ಕಡೆ ನೋಡದೆ ಹೊರಟುಹೋದರು.

ಅಷ್ಟೆಲ್ಲ ಔಷಧ ಕುಡಿದ ಕಿವಿ ಎರಡು ದಿನ ಹೀಗೆ ಸಿಳ್ಳೆ ಹಾಕುತ್ತದೆ, ತಾನಾಗಿ ನಿಲ್ಲುತ್ತದೆ ಎಂದು ಮರುದಿನ ಡಾಕ್ಟರಮ್ಮ ಹೇಳಿದರು. ಅವರು ಹೇಳಿದಂತೆಯೇ ನಿಂತಿತು. ಅದರಿಂದ ಕಿವಿರಾಯನಿಗೇನೂ ಪ್ರಯೋಜನವಾಗಲಿಲ್ಲ. ಸಾಹೇಬರು ರಜೆ ರದ್ದು ಮಾಡಿ, ಆಲಿಸುವ ಕೋಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಅವನನ್ನು ಸಾರ್ವಜನಿಕರ ದೂರು ಸ್ವೀಕರಿಸುವ ಕೌಂಟರಿಗೆ ವರ್ಗ ಮಾಡಿದ್ದರು. ಆ ಕುರ್ಚಿಯಲ್ಲಿ ಕೂರುವವನಿಗೆ ಕಿವಿ ಕೇಳಿಸಬೇಕೆಂದೇನೂ ಇಲ್ಲ ಎಂಬುದು ಇಲಾಖೆಯ ಬಹುಕಾಲದ ಅನುಭವವಾಗಿತ್ತು.