ಅತ್ತೆಗೊಂದು ಬುಟ್ಟಿ ಡಿಮ್ ಸಮ್

ನೀರು ಸರಬರಾಜು ಕಚೇರಿಯ ನಕ್ಷೆಗಾರನಿಗೆ ಆ ದಿನ ಒದಗಿದ ಕಷ್ಟಕ್ಕೆಲ್ಲ ಮೂಲ ಅವನ ಬಾಯಿಯೇ. ಬೆಳಗಿನ ಕಾಫಿಯ ಹೊತ್ತಿಗೆ ಅತ್ತೆ, ಹಿಂದೊಮ್ಮೆ ಪ್ರವಾಸದಲ್ಲಿ ತಿಂದಿದ್ದ ಡಿಮ್ ಸಮ್ ನೆನೆದು ನಿಟ್ಟುಸಿರಿಟ್ಟರು. ತೆಳ್ಳನೆಯ ಹಿಟ್ಟಿನ ಹಾಳೆಯೊಳಗೆ ಹೂರಣ, ಬಿದಿರಿನ ಬುಟ್ಟಿಯಿಂದೇಳುವ ಹಬೆ, ಜೊತೆಗೊಂದು ಬಟ್ಟಲು ನೂಡಲ್ಸ್. ನಾಳೆ ಊರಿಗೆ ಹೊರಡುವ ಮುಂಚೆ ಇನ್ನೊಮ್ಮೆ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದರು.

ಅಳಿಯ ಎದೆಯುಬ್ಬಿಸಿದ. "ಈ ಊರಿನ ಒಂದೊಂದು ಕೊಳವೆ ಎಲ್ಲಿ ತಿರುಗತ್ತೆ ಅಂತ ನಂಗೊತ್ತು. ಒಂದು ಅಂಗಡಿ ಹುಡುಕೋದು ಕಷ್ಟವಾ? ಸಂಜೆ ರೆಡಿಯಾಗಿರಿ."

ಹೆಂಡತಿ ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು. ಅವನು ಎದೆಯುಬ್ಬಿಸಿದಾಗಲೆಲ್ಲ ಅವಳು ಒಳಗೆ ಹೋಗುವುದು ವಾಡಿಕೆ. ಆದರೆ ಅವನಿಗೆ ಇದು ಮಾನದ ಪ್ರಶ್ನೆಯಾಗಿತ್ತು. ಅವನೇ ರಿಪೇರಿ ಮಾಡಿದ ಬಚ್ಚಲಿನ ನಲ್ಲಿ ಅತ್ತೆಯ ಮುಖಕ್ಕೇ ಚಿಮ್ಮಿದಾಗಿನಿಂದ ಆಕೆ ಅಳಿಯನ ಬಗ್ಗೆ ಒಂದು ಒಳ್ಳೆಯ ಮಾತೂ ಆಡಿರಲಿಲ್ಲ.

ಕಚೇರಿಯಲ್ಲಿ ವಿಷಯ ತೆಗೆದದ್ದೇ ತಡ, ಸಲಹೆಗಳು ಒಡೆದ ಪೈಪಿನಂತೆ ಹರಿದವು. ಕ್ಯಾಷಿಯರು ಪೇಟೆಬೀದಿಯ ಹೊಸ ಹೋಟೆಲು ಎಂದರೆ ಟೈಪಿಸ್ಟಮ್ಮ ಅದು ದಂಡ, ಸೇತುವೆ ಪಕ್ಕದ್ದಕ್ಕೆ ಹೋಗಿ ಎಂದರು. ಹೆಡ್ ಕ್ಲರ್ಕು ಇಬ್ಬರನ್ನೂ ಸುಮ್ಮನಾಗಿಸಿ, ಚಿತ್ರಮಂದಿರದ ಎದುರಿನದನ್ನು ಮೀರಿಸಿದ್ದು ಇನ್ನೊಂದಿಲ್ಲ ಎಂದು ತೀರ್ಪು ಕೊಟ್ಟರು. ನಕ್ಷೆಗಾರ ಅರ್ಧ ದಿನ ರಜೆ ಬರೆದು ಹೊರಟ. ತಾನು ರುಚಿ ನೋಡದೆ ಅತ್ತೆಯನ್ನು ಕರೆದೊಯ್ಯುವುದುಂಟೆ?

ಪೇಟೆಬೀದಿಯ ಡಿಮ್ ಸಮ್ ಸೈಕಲ್ ಟ್ಯೂಬಿನಂತೆ ಎಳೆದಷ್ಟೂ ಬಂತು. ಬಿಟ್ಟೇಳೋಣವೆಂದರೆ ಮಾಲೀಕ ಪಕ್ಕದಲ್ಲೇ ಕೈಕಟ್ಟಿ ನಿಂತು, ಹೇಗಿದೆ ಎಂದು ಮುಖವನ್ನೇ ನೋಡುತ್ತಿದ್ದ. ದಾಕ್ಷಿಣ್ಯಕ್ಕೆ ಬುಟ್ಟಿ ಖಾಲಿ ಮಾಡಿದ.

ಸೇತುವೆ ಪಕ್ಕದ ನೂಡಲ್ಸು ಗೋಂದಿನಲ್ಲಿ ಅದ್ದಿದ ದಾರದ ಉಂಡೆಯಂತಿತ್ತು. ಅಷ್ಟರಲ್ಲಿ ಅಲ್ಲಿನ ಯಜಮಾನಿ ಅವನ ಕೊರಳಿನ ಗುರುತಿನ ಚೀಟಿ ನೋಡಿಬಿಟ್ಟಳು. ವಾರದಿಂದ ನೀರು ಬಂದಿಲ್ಲವೆಂದು ಗೋಳಾಡುತ್ತ, ಹೇಗಾದರೂ ನೋಡಿಕೊಳ್ಳಿ ಎಂದು ಎರಡನೆಯ ಬಟ್ಟಲನ್ನು ಪುಕ್ಕಟೆ ತಂದಿಟ್ಟಳು. ನೀರಿನ ಇಲಾಖೆಯವನಾದ ತಪ್ಪಿಗೆ ಅದನ್ನೂ ನುಂಗಿದ.

ಚಿತ್ರಮಂದಿರದ ಎದುರು ಚಪ್ಪಲಿ ಅಂಗಡಿಯಿತ್ತು. ಹೋಟೆಲು ಮುಚ್ಚಿ ಬಹಳ ವರ್ಷವಾಯಿತು ಎಂದ ಅಂಗಡಿಯವನು, ಬಂದದ್ದು ಬಂದಿರಿ ಎಂದು ಒಂದು ಜೊತೆ ಚಪ್ಪಲಿ ತೋರಿಸಿದ.

ಸಂಜೆಯ ಹೊತ್ತಿಗೆ ಹೊಟ್ಟೆ ನಗಾರಿಯಂತಾಗಿ, ಅತ್ತೆಗೆ ಏನು ಹೇಳುವುದೆಂದು ಯೋಚಿಸುತ್ತ ನಕ್ಷೆಗಾರ ಮನೆಯ ಕಡೆ ಕಾಲೆಳೆದ. ಲಾಂಡ್ರಿಯ ಹಿಂದಿನ ಓಣಿಗೆ ಬಂದಾಗ ಹದವಾಗಿ ಕಾದ ಎಳ್ಳೆಣ್ಣೆ, ಶುಂಠಿಯ ಘಮ ಮೂಗಿಗೆ ಬಡಿಯಿತು. ತುಂಬಿದ ಹೊಟ್ಟೆಯೂ ಒಮ್ಮೆ ಕಿವಿ ನಿಮಿರಿಸಿತು. ಬೋರ್ಡಿಲ್ಲದ ಪುಟ್ಟ ಅಂಗಡಿ, ನಾಲ್ಕಾರು ಮೇಜು, ಒಲೆಯ ಮೇಲೆ ಬುಟ್ಟಿಗಳ ಗೋಪುರ. ಸಿಕ್ಕಿತು ಎಂದುಕೊಂಡು ಹೆಂಡತಿಗೆ ಫೋನು ಮಾಡಿದ. ರಿಂಗಾದದ್ದು ಅಂಗಡಿಯ ಒಳಗೆ.

ಒಳಗೆ ಹೋಗಿ ನೋಡಿದರೆ ಕಿಟಕಿಯ ಪಕ್ಕದಲ್ಲಿ ಹೆಂಡತಿ, ಎದುರಿಗೆ ಅತ್ತೆ. ಅತ್ತೆ ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಆಚೆ ಮೇಜಿನಲ್ಲಿ ಕ್ಯಾಷಿಯರು ಸಂಸಾರ ಸಮೇತ ಕೂತು ನೂಡಲ್ಸ್ ಸುರ್ರನೆ ಎಳೆದುಕೊಳ್ಳುತ್ತಿದ್ದರು.

"ನೀವು ಫೋನೇ ಎತ್ತಲಿಲ್ಲ. ಕಚೇರಿಗೆ ಮಾಡಿದೆ, ಇವರು ಹೇಳಿದ್ರು," ಎಂದಳು ಹೆಂಡತಿ, ಕ್ಯಾಷಿಯರ ಕಡೆ ಕೈ ತೋರಿಸುತ್ತ.

ನಕ್ಷೆಗಾರ ಕ್ಯಾಷಿಯರ ಕಡೆ ತಿರುಗಿದ. "ನಂಗ್ಯಾಕೆ ಪೇಟೆಬೀದಿ ಹೇಳಿದ್ರಿ?"

"ಅದು ನಮ್ಮ ಭಾವಮೈದುನಂದು. ಪಾಪ, ವ್ಯಾಪಾರ ಇಲ್ಲ," ಎಂದರು ಕ್ಯಾಷಿಯರು, ಬಾಯಿ ಒರೆಸಿಕೊಳ್ಳುತ್ತ. "ನೀವು ಎಲ್ಲಿ ಚೆನ್ನಾಗಿರತ್ತೆ ಅಂತ ಕೇಳಿದ್ರಿ. ನಿಮ್ಮ ಮನೆಯವರು, 'ನೀವು ಎಲ್ಲಿ ತಿಂತೀರಿ' ಅಂತ ನನ್ನ ಕೇಳಿದ್ರು."

ಅಷ್ಟರಲ್ಲಿ ಅವನ ಮುಂದೂ ಬಿಸಿಬಿಸಿ ಬುಟ್ಟಿ ಬಂತು. ಮುಚ್ಚಳ ತೆಗೆದ, ಹಬೆ ಮುಖಕ್ಕೆ ಬಂತು, ತೇಗು ಮೇಲೆ ಬಂತು. ಒಂದು ತುತ್ತಿಗೂ ಜಾಗವಿರಲಿಲ್ಲ.

ಅತ್ತೆ ಮಗಳ ಕಡೆ ಬಾಗಿ, "ಒಳ್ಳೇದು ಯಾವ್ದು ಅಂತ ಗೊತ್ತಾಗೋಕೂ ಪುಣ್ಯ ಬೇಕು ಕಣೆ," ಎಂದು ಅವನ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.