ಆರ್ವಿಡ್ ಲೊಕ್ಕೆನ್ನನ ಒಂಟಿ ಗೂಡು

ಎಲ್ಲಕ್ಕೂ ಮೂಲ ಒಂದು ಬಲ್ಬು. ಜನವರಿಯ ಆ ಶನಿವಾರ ಬೆಳಿಗ್ಗೆ ಆರ್ವಿಡ್ ಲೊಕ್ಕೆನ್ ಪಕ್ಕದ ಮನೆಯ ಬಾಗಿಲು ತಟ್ಟಿ ಒಂದು ಸಣ್ಣ ಬಲ್ಬು ಕೇಳದೆ ಇದ್ದಿದ್ದರೆ, ಕತ್ತಲಲ್ಲೇ ಕೂತು ಎರಡು ಮೀನು ಹಿಡಿದು, ತನ್ನ ಪಾಡಿಗೆ ತಾನು ಅತ್ತು ಮನೆಗೆ ಬರುತ್ತಿದ್ದ. ಯಾರಿಗೂ ತಿಳಿಯುತ್ತಿರಲಿಲ್ಲ.

ಅಳುವುದೇ ಮುಖ್ಯವಾಗಿತ್ತು. ಮೀನು ಬರೀ ನೆಪ.

ಹೆಂಡತಿ ಇನೆಜ್ ತೀರಿಕೊಂಡದ್ದು ಸೆಪ್ಟೆಂಬರಿನಲ್ಲಿ. ಅಂದಿನಿಂದ ಟ್ಯಾಮರಾಕ್ ಕೆರೆಯ ದಡದ ಆ ಪುಟ್ಟ ಊರು ಅವನನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿತೆಂದರೆ ಪಾಪ, ಅವನಿಗೆ ಅಳಲು ಪುರಸೊತ್ತೇ ಸಿಕ್ಕಿರಲಿಲ್ಲ. ಇನ್ನೇನು ಅಳು ಬಂತು ಅನ್ನುವಾಗ ಬಾಗಿಲ ಗಂಟೆ ಬಾರಿಸುತ್ತಿತ್ತು. ಹೊರಗೆ ಎದುರುಮನೆಯ ಬರ್ನೆಟಾ ಸ್ಕಾರ್, ಕೈಯಲ್ಲಿ ಹಾಟ್‌ಡಿಶ್ ಎಂಬ ಬಿಸಿಬಿಸಿ ತಿನಿಸಿನ ಪಾತ್ರೆ. ಮೇಲೆ ಆಲೂಗಡ್ಡೆ ಹೊದಿಕೆ, ಕೆಳಗೆ ಏನಿದೆಯೆಂದು ಕೇಳಬಾರದು.

"ಬೇಡ ಬರ್ನೆಟಾ, ನಿನ್ನೆಯದೇ ಉಳಿದಿದೆ," ಎನ್ನುತ್ತಿದ್ದ ಆರ್ವಿಡ್.

ಆ ಊರಿನಲ್ಲಿ ಮರ್ಯಾದಸ್ಥರು ಯಾವುದನ್ನೇ ಆಗಲಿ ಮೂರು ಸಲ ಬೇಡ ಅನ್ನದೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ನಿಜವಾಗಿ ಬೇಡವಾದವನಿಗೆ ಹೇಳಿಕೊಳ್ಳಲು ಅಲ್ಲಿ ಮಾತೇ ಇಲ್ಲ. ಬರ್ನೆಟಾ ಒಳಗೆ ಬಂದು, ಒಲೆ ಹಚ್ಚಿ, ಅವನು ತಿನ್ನುವುದನ್ನು ಎದುರಿಗೆ ಕೂತು ನೋಡಿ, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದಳು. ಅವಳು ಹೋದ ಮೇಲೆ ಅಳು ಬರುತ್ತಿರಲಿಲ್ಲ, ಹೊಟ್ಟೆ ಭಾರವಾಗಿ ನಿದ್ದೆ ಬರುತ್ತಿತ್ತು.

ಹೀಗಾಗಿ ಆರ್ವಿಡ್ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಮೀನು ಹಿಡಿಯುವ ಗೂಡು ಕಟ್ಟತೊಡಗಿದ. ಚಳಿಗಾಲ ಬಂತೆಂದರೆ ಕಲ್ಲಾಗಿ ಹೆಪ್ಪುಗಟ್ಟುವ ಆ ಕೆರೆಯ ಮೇಲೆ ಅಂಥ ಗೂಡುಗಳದೇ ಒಂದು ಪೇಟೆ. ಮಂಜುಗಡ್ಡೆಗೆ ತೂತು ಕೊರೆದು, ಮೇಲೆ ಗೂಡು ನಿಲ್ಲಿಸಿ, ಒಳಗೆ ಕೂತು ಗಾಳ ಬಿಡುವುದು. ಬೇರೆಯವರ ಗೂಡುಗಳಲ್ಲಿ ಮಂಚ, ಟೀವಿ, ಸೋಫಾ ಇರುತ್ತಿದ್ದವು. ಆರ್ವಿಡ್ ಬೇಕೆಂದೇ ತನ್ನದನ್ನು ಅತಿ ಚಿಕ್ಕದಾಗಿ ಕಟ್ಟಿದ. ಹಳೇ ಪ್ಲೈವುಡ್ಡಿನ ಗೋಡೆ, ಅವನು ಮೂವತ್ತು ವರ್ಷ ಓಡಿಸಿದ ಶಾಲಾ ಬಸ್ಸು ಗುಜರಿಗೆ ಹೋದಾಗ ಕಿತ್ತಿಟ್ಟುಕೊಂಡ ಕಿಟಕಿ, ಕೆಳಗೆ ಜಾರುವುದಕ್ಕೆ ಎರಡು ಹಲಗೆ. ಒಬ್ಬ ಮನುಷ್ಯ, ಅವನು ಕೂರಲು ಒಂದು ಬಕೆಟ್ಟು, ಒಂದು ತೂತು. ಎರಡನೆಯವನು ಬಂದರೆ ಮೊದಲನೆಯವನು ಉಸಿರು ಬಿಟ್ಟು ಜಾಗ ಮಾಡಬೇಕು.

ಬೆಳಕಿಗೆ ಹಳೇ ಬ್ಯಾಟರಿಯೊಂದಿತ್ತು. ಬಲ್ಬಿರಲಿಲ್ಲ. ಕೇಳಲು ಹೋದ.

ಪಕ್ಕದ ಮನೆಯ ಡೆಲ್ಮರ್ ಕೂಸಿಸ್ಟೊ ವಿದ್ಯುತ್ ಕಂಪನಿಯಲ್ಲಿ ಜೀವಮಾನವಿಡೀ ಮನೆಮನೆಯ ಮೀಟರು ಓದಿ ನಿವೃತ್ತನಾದವನು. ನಿವೃತ್ತನಾದ ಮರುದಿನದಿಂದ ತನ್ನನ್ನು ಎಂಜಿನಿಯರ್ ಅಂದುಕೊಂಡಿದ್ದ.

"ಬಲ್ಬ್ ಕೊಡೋದೇನು ದೊಡ್ಡ ಮಾತಲ್ಲ," ಎಂದ ಡೆಲ್ಮರ್, ಬಾಗಿಲಲ್ಲೇ ಕೋಟು ಏರಿಸುತ್ತ. "ಬಲ್ಬಿಗೆ ಬ್ಯಾಟರಿ ಬೇಕು. ಬ್ಯಾಟರಿಗೆ ಚಾರ್ಜ್ ಬೇಕು. ಚಾರ್ಜಿಗೆ ಏನು ಮಾಡ್ತೀಯ?"

"ಮನೇಲಿ ಮಾಡ್ಕೊಂಡು ಬಂದಿದೀನಿ."

"ಅದು ಮುಗಿದ್ರೆ?"

"ಮನೆಗೆ ಬರ್ತೀನಿ."

ಡೆಲ್ಮರ್ ಅವನನ್ನು ಕನಿಕರದಿಂದ ನೋಡಿದ. "ಇನೆಜ್ ಹೋದ್ಮೇಲೆ ನಿನಗೆ ಯೋಚ್ನೆ ಮಾಡೋರೇ ಇಲ್ದಂಗಾಯ್ತು ಕಣಯ್ಯ. ನಡಿ, ನನ್ನತ್ರ ಸೋಲಾರ್ ಹಲಗೆ ಇದೆ."

"ಬೇಡ ಡೆಲ್ಮರ್."

"ಸಂಕೋಚ ಪಡ್ಬೇಡ."

ಮಧ್ಯಾಹ್ನದ ಹೊತ್ತಿಗೆ ಗೂಡನ್ನು ಟ್ರಕ್ಕಿಗೆ ಕಟ್ಟಿ ಎಳೆದುಕೊಂಡು ಕೆರೆಯ ನಡುವೆ ಬಂದರು. ಆರ್ವಿಡ್ ತೂತು ಕೊರೆಯುವಾಗ ಡೆಲ್ಮರ್ ಮಾಡು ಹತ್ತಿ, ಮೊಳೆ ಹೊಡೆದು, ಸೋಲಾರ್ ಹಲಗೆಯನ್ನು ಸೂರ್ಯ ಇರಬೇಕಾದ ದಿಕ್ಕಿಗೆ ತಿರುಗಿಸಿದ. ಆ ಕಡೆಯ ಜನವರಿ ಸೂರ್ಯ ಸರ್ಕಾರಿ ಕಚೇರಿಯ ಗುಮಾಸ್ತನಂತೆ, ತಡವಾಗಿ ಬಂದು, ಮೋಡದ ಕಡತದ ಹಿಂದೆ ಸ್ವಲ್ಪ ಹೊತ್ತು ಕೂತು, ಬೇಗ ಹೊರಟುಬಿಡುತ್ತಾನೆ. ಹಲಗೆಗೆ ತಂತಿ ಜೋಡಿಸಿದ ಕೂಡಲೇ ಹಿಮ ಬೀಳತೊಡಗಿತು. ಬಲ್ಬು ಮಿಂಚುಹುಳದಷ್ಟು ಹೊತ್ತಿಕೊಂಡು, ನಾಚಿಕೊಂಡಂತೆ ಕೆಂಪಾಗಿ, ಆರಿತು.

"ನೋಡ್ದ್ಯಾ, ವ್ಯವಸ್ಥೆ ಸರಿ ಇದೆ," ಎಂದ ಡೆಲ್ಮರ್. "ಬಿಸಿಲೊಂದು ಕಮ್ಮಿ."

"ಮೊದಲಿನ ಹಾಗೇ ಬ್ಯಾಟರಿಗೆ ನೇರ ಹಾಕಿದ್ರೆ ಆಗ್ತಿತ್ತೇನೋ."

"ಈಗ ಆಗಲ್ಲ. ಬ್ಯಾಟರಿ ಖಾಲಿ. ಪರೀಕ್ಷೆ ಮಾಡುವಾಗ ತಂತಿ ಸ್ವಲ್ಪ ತಗುಲಿಬಿಡ್ತು."

ಅಷ್ಟರಲ್ಲಿ ಮಂಜುಗಡ್ಡೆಯ ಮೇಲೆ ಬರ್ನೆಟಾಳ ಕಾರು ಬಂತು. ಅವಳ ಒಂದು ಕೈಯಲ್ಲಿ ಹಾಟ್‌ಡಿಶ್, ಇನ್ನೊಂದರಲ್ಲಿ ಕರೆಂಟಿನ ಹೀಟರು, ಕೊರಳಲ್ಲಿ ಹಾರದಂತೆ ಸುತ್ತಿಕೊಂಡ ಉದ್ದನೆ ವಯರು.

"ಈ ಚಳೀಲಿ ಇಲ್ಲಿ ಕೂರ್ತೀಯಂತೆ," ಎಂದಳು. "ನ್ಯುಮೋನಿಯಾ ಬಂದು ನೀನೂ ಹೋದ್ರೆ ಮೇಲೆ ಇನೆಜ್‌ಗೆ ನಾನೇನು ಉತ್ತರ ಕೊಡ್ಲಿ? ಹೀಟರ್ ತಂದಿದೀನಿ. ಎಲ್ಲಿ ಚುಚ್ಚೋದು?"

"ಇಲ್ಲಿ ಕರೆಂಟಿಲ್ಲ ಬರ್ನೆಟಾ. ಕೆರೆ ಇದು."

"ಡೆಲ್ಮರ್ ಇದಾನಲ್ಲ."

ಡೆಲ್ಮರ್ ಗಡ್ಡ ಸವರಿಕೊಂಡ. ಇನೆಜ್ ಬದುಕಿದ್ದಾಗ, ಡೆಲ್ಮರ್ ಗಡ್ಡ ಸವರಿದ ಕೂಡಲೇ ಅವಳು ಮನೆಯ ಫ್ಯೂಸು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದಳು.

"ಚರ್ಚಿನ ನೆಲಮಾಳಿಗೇಲಿ ಜನರೇಟರ್ ಇದೆ," ಎಂದ ಡೆಲ್ಮರ್. "ಪಾದ್ರಿಗೆ ಒಂದು ಫೋನ್ ಹಾಕಿದ್ರಾಯ್ತು."

"ಅವರಿಗ್ಯಾಕೆ ತೊಂದ್ರೆ," ಎಂದ ಆರ್ವಿಡ್. "ಬೇಡ. ನಿಜವಾಗ್ಲೂ ಬೇಡ."

"ಎಷ್ಟು ಒಳ್ಳೆ ಮನುಷ್ಯ ನೋಡು, ಈ ದುಃಖದಲ್ಲೂ," ಎಂದು ಬರ್ನೆಟಾ ಮೂಗೊರೆಸಿಕೊಂಡು ತಾನೇ ಫೋನು ಮಾಡಿದಳು.

ಪಾದ್ರಿ ಹಾಲ್ವರ್ ಧಾರಾಳ ಮೈಯ, ಧಾರಾಳ ಮನಸ್ಸಿನ ಮನುಷ್ಯ. ಹೊತ್ತು ಇಳಿಯುವ ಮುಂಚೆಯೇ ಜನರೇಟರನ್ನು ಜಾರುಗಾಡಿಯಲ್ಲಿಟ್ಟು ಎಳೆದುಕೊಂಡು ಬಂದರು. ಅದು ಬೇಸಿಗೆಯ ಸಂತರ್ಪಣೆಗಳಲ್ಲಿ ಕಾಫಿ ಕಾಯಿಸಿ ಕಾಯಿಸಿ ಮುಪ್ಪಾದ ಯಂತ್ರ. ಗೂಡಿನಿಂದ ದೂರಕ್ಕೆ, ಹೊಗೆ ಗೂಡಿನತ್ತ ಬರದ ಬದಿಗೆ ಇಟ್ಟು, ಬರ್ನೆಟಾಳ ವಯರು ಜೋಡಿಸಿ, ಚಾಲೂ ಮಾಡುವ ಹಗ್ಗ ಎಳೆದರು. ಕೆಮ್ಮಿತು. ಮತ್ತೆ ಎಳೆದರು. ಪಾದ್ರಿ ಟೋಪಿ ತೆಗೆದು ನಾಲ್ಕು ಮಾತು ಪ್ರಾರ್ಥಿಸಿದರು. ಡೆಲ್ಮರ್ ಒದ್ದ. ಎರಡರಲ್ಲಿ ಯಾವುದು ಫಲಿಸಿತೋ, ಯಂತ್ರ ಗುಡುಗಿ ಎದ್ದಿತು. ಗೂಡಿನ ಕಿಟಕಿ ಬೆಳಗಿತು.

"ಒಂದೇ ಒಂದು ವಿಷಯ," ಎಂದರು ಪಾದ್ರಿ. "ಇದರ ಈ ಸನ್ನೆಕೋಲಿನ ಸ್ಪ್ರಿಂಗು ಹೋಗಿದೆ. ಯಾರಾದ್ರೂ ಹೀಗೆ ಹಿಡ್ಕೊಂಡೇ ಇರ್ಬೇಕು. ಬಿಟ್ರೆ ನಿಂತುಹೋಗುತ್ತೆ."

ಎಲ್ಲರೂ ಆರ್ವಿಡ್‌ನನ್ನು ನೋಡಿದರು. ಗೂಡು ಅವನದು ತಾನೆ. ಅವನು ಹಿಡಿದುಕೊಂಡ.

ಮಿಕ್ಕವರು ಹೀಟರು ಸರಿಯಾಗಿ ಕಾಯುತ್ತದೆಯೇ ಎಂದು ನೋಡಿ ಬರಲು ಒಳಗೆ ಹೋದರು. ಕಾಯುತ್ತಿತ್ತು. ಬಹಳ ಚೆನ್ನಾಗಿ ಕಾಯುತ್ತಿತ್ತು. ಬಾಗಿಲು ಮುಚ್ಚಿಕೊಂಡಿತು. ಒಬ್ಬನಿಗೆಂದು ಅಳೆದು ಕಟ್ಟಿದ ಗೂಡಿನೊಳಗೆ ಮೂವರು, ಭರಣಿಗೆ ಅದುಮಿದ ಮಾವಿನಮಿಡಿಗಳಂತೆ. ಸ್ವಲ್ಪ ಹೊತ್ತಿಗೆ ಇಸ್ಪೀಟು ಕಲೆಸುವ ಸದ್ದು ಕೇಳಿತು. ಆಮೇಲೆ ಹಾಟ್‌ಡಿಶ್‌ನ ಘಮ. ಆಮೇಲೆ ಬರ್ನೆಟಾಳ ಕೂಗು, "ಮೀನು, ಮೀನು, ಹಿಡ್ಕೊಳ್ರೋ." ಕಿಟಕಿಯಲ್ಲಿ ಮೊಳಕೈಯುದ್ದದ ವಾಲೈ ಮೀನಿನ ಬಾಲ ಒಮ್ಮೆ ಬಡಿದು ಮರೆಯಾಯಿತು. ಗಾಳ ಆರ್ವಿಡ್‌ನದು, ಎರೆಯೂ ಅವನದೇ.

ಆರ್ವಿಡ್ ಚಳಿಯಲ್ಲಿ ಬಗ್ಗಿ ನಿಂತು ಸನ್ನೆ ಒತ್ತಿಕೊಂಡಿದ್ದ. ಹುಬ್ಬಿನ ಮೇಲೆ ಹಿಮ ಕಟ್ಟಿ ಅವನ ಅಜ್ಜನ ಭಾವಚಿತ್ರದಂತಾಗಿದ್ದ. ಆಗ ಅವನಿಗೊಂದು ವಿಷಯ ಹೊಳೆಯಿತು. ಊರಲ್ಲಿ ತನ್ನ ಬಾಗಿಲ ಗಂಟೆ ಒತ್ತುವವರು ಮೂವರು. ಮೂವರೂ ಈಗ ಈ ಗೂಡಿನಲ್ಲಿದ್ದಾರೆ. ಅಂದಮೇಲೆ ಮನೆಯಲ್ಲಿ ಯಾರೂ ಇಲ್ಲ.

ಮೆಲ್ಲಗೆ ಎಡಗಾಲಿನ ಬೂಟಿನ ಲಾಡಿ ಬಿಚ್ಚಿ, ಸನ್ನೆಯನ್ನು ಬಿಗಿಯಾಗಿ ಕಟ್ಟಿದ. ಕೈ ಬಿಟ್ಟು ನೋಡಿದ. ಯಂತ್ರ ನಿಲ್ಲಲಿಲ್ಲ. ಸಡಿಲ ಬೂಟನ್ನು ಟಪಟಪ ಬಡಿಸುತ್ತ, ಜೈಲಿನಿಂದ ತಪ್ಪಿಸಿಕೊಂಡವನಂತೆ ದಡದ ಕಡೆಗೆ ನಡೆದ.

ಮನೆ ನಿಶ್ಶಬ್ದವಾಗಿತ್ತು. ಆರ್ವಿಡ್ ಕೋಟು ತೂಗುಹಾಕಿದ. ಬಾಗಿಲಿಗೆ ಚಿಲಕ ಹಾಕಿದ. ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದಿಟ್ಟು, ಒಗೆದ ಕರವಸ್ತ್ರವನ್ನು ತೊಡೆಯ ಮೇಲೆ ಹರಡಿಕೊಂಡು, ಅಳಲು ಅಣಿಯಾದ.

ಏನೂ ಬರಲಿಲ್ಲ. ಫ್ರಿಜ್ಜು ಗುಂಯ್‌ಗುಟ್ಟಿತು, ನಿಂತಿತು. ಎದುರಿಗೆ ಇನೆಜ್‌ಳ ಕುರ್ಚಿ. ಇಷ್ಟು ದಿನ ಅದರಲ್ಲಿ ಯಾರಾದರೊಬ್ಬರು ಕೂತು ಅವನು ತಿನ್ನುವುದನ್ನು ನೋಡುತ್ತಿದ್ದರು. ಅದು ಖಾಲಿ ಇರುವುದನ್ನು ಅವನು ಸರಿಯಾಗಿ ಕಂಡದ್ದು ಇದೇ ಮೊದಲು. ಕುರ್ಚಿ ದೊಡ್ಡದಾಗುತ್ತ ಬಂತು. ಕೋಣೆಯಲ್ಲಿ ಅದೊಂದೇ ಇದೆ ಅನ್ನಿಸತೊಡಗಿತು. ಆರ್ವಿಡ್ ಗಂಟೆ ಬಾರಿಸೀತೇ ಎಂದು ಕಾದ. ಬಾರಿಸಲಿಲ್ಲ. ಎದ್ದು, ಚಿಲಕ ತೆಗೆದಿಟ್ಟು ಬಂದು ಮತ್ತೆ ಕೂತ. ಆಗಲೂ ಬಾರಿಸಲಿಲ್ಲ. ಆಗ ಅವನಿಗೆ ಹೆದರಿಕೆಯಾಯಿತು. ಕೋಟು ಎಳೆದುಕೊಂಡು, ಕನ್ನಡಕ ಮರೆತು, ಕೆರೆಗೆ ಓಡಿದ.

ಕತ್ತಲಾಗಿತ್ತು. ದೂರದಲ್ಲಿ ಅವನ ಗೂಡಿನ ಬಸ್ಸಿನ ಕಿಟಕಿ ಹಳದಿಯಾಗಿ ಉರಿಯುತ್ತಿತ್ತು, ಒಳಗೆ ನಗು. ಅವನು ತನ್ನ ಗೂಡಿನ ಬಾಗಿಲು ತಟ್ಟಿದ.

"ಯಾರು?" ಡೆಲ್ಮರ್‌ನ ದನಿ.

"ನಾನು."

"ಯಾವ ನಾನು?"

"ಆರ್ವಿಡ್."

ಬಾಗಿಲು ಒಂದು ಗೇಣು ತೆರೆಯಿತು. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಸಂದಿಯಲ್ಲಿ ಬರ್ನೆಟಾಳ ಕೆಂಪಾದ ಮುಖ.

"ಬೇಗ ಹೇಳು, ಶಾಖ ಹೋಗುತ್ತೆ. ಮನೆಗೆ ಹೋದೆ ಅಂದ್ಕೊಂಡ್ವಿ."

"ಹೋಗಿದ್ದೆ. ಬಂದೆ. ಸ್ವಲ್ಪ ಜಾಗ ಇದ್ರೆ..."

"ಎಲ್ಲಿದೆ ಮಾರಾಯ, ಪಾದ್ರಿಗಳು ನಿನ್ನ ಬಕೆಟ್ಟಿನ ಮೇಲೆ ಕೂತಿದಾರೆ. ಅವರನ್ನ ಎಬ್ಬಿಸ್ಲಾ?"

"ಬೇಡ ಬೇಡ," ಎಂದ ಆರ್ವಿಡ್. ಈ ಸಲ ಆ ಮಾತನ್ನು ಅವಳು ಇದ್ದ ಹಾಗೇ ತೆಗೆದುಕೊಂಡಳು.

ಒಳಗಿನಿಂದ ಪಾದ್ರಿಯ ಮೃದುವಾದ ದನಿ ಬಂತು. "ಆರ್ವಿಡ್, ನಾವು ಈಗಷ್ಟೇ ಮಾತಾಡಿಕೊಂಡ್ವಪ್ಪ. ನೀನು ಹೇಳ್ದೆ ಕೇಳ್ದೆ ಹೊರಟುಹೋದಾಗ ನಮಗೆ ಅರ್ಥ ಆಯ್ತು. ದುಃಖದಲ್ಲಿರೋನಿಗೆ ಏಕಾಂತ ಬೇಕು. ನಾವೇ ಮೇಲೆ ಬಿದ್ದು ನಿನ್ನ ಬಿಡ್ಲಿಲ್ಲ. ನಾಳೆಯಿಂದ ಯಾರೂ ನಿನ್ನ ಮನೆ ಕಡೆ ಬರಲ್ಲ."

"ಹಾಗೇನಿಲ್ಲ," ಎಂದ ಆರ್ವಿಡ್. "ಬನ್ನಿ. ಪರವಾಗಿಲ್ಲ. ದಯವಿಟ್ಟು ಬನ್ನಿ."

"ನೋಡಿ, ನಮ್ಮ ಮನಸ್ಸಿಗೆ ನೋವಾಗ್ಬಾರ್ದು ಅಂತ ಹೇಗೆ ಹೇಳ್ತಾನೆ," ಎಂದಳು ಬರ್ನೆಟಾ, ಕಣ್ಣೊರೆಸಿಕೊಳ್ಳುತ್ತ.

"ಜನರೇಟರ್ ಚಿಂತೇನೂ ಬಿಡಯ್ಯ," ಎಂದ ಡೆಲ್ಮರ್. "ನಾನು ಮೊದಲು ಒದ್ದದ್ದರಿಂದ ಸರಿಹೋಗಿದೆ. ಯಾರೂ ಹಿಡೀದೆ ಓಡ್ತಿದೆ. ನಿನ್ನ ಅವಶ್ಯಕತೇನೇ ಇಲ್ಲ."

ಬಾಗಿಲು ಮುಚ್ಚಿತು.

ಆರ್ವಿಡ್ ಆ ಬಾಗಿಲನ್ನು ಅಂಗೈಯಿಂದ ಸವರಿ ನೋಡಿದ. ಒಳ್ಳೆಯ ಬಾಗಿಲು, ಸಂದಿ ಬಿಡದಂತೆ ತಾನೇ ಕೂರಿಸಿದ್ದು. ಕೆರೆಯ ಮೇಲೆ ಹಿಮ ಬೀಳುತ್ತಿತ್ತು. ದಡದಲ್ಲಿ ಅವನ ಮನೆ ದೀಪವಿಲ್ಲದೆ ಕೂತಿತ್ತು. ನಾಳೆ ಭಾನುವಾರ, ನಾಡಿದ್ದು ಸೋಮವಾರ.

ಗೂಡನ್ನು ಸುತ್ತುಹಾಕಿ ಜನರೇಟರಿನ ಬಳಿಗೆ ಬಂದ. ಕೈಗವಸು ತೆಗೆದ. ಅವನು ಕಟ್ಟಿದ ಗಂಟು ಹೆಪ್ಪುಗಟ್ಟಿ ಕಲ್ಲಾಗಿತ್ತು, ಬಿಚ್ಚಲು ಹಲ್ಲು ಹಚ್ಚಬೇಕಾಯಿತು. ಬೂಟಿನ ಲಾಡಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಸನ್ನೆಯನ್ನು ಅದರಷ್ಟಕ್ಕೆ ಬಿಟ್ಟ.

ಯಂತ್ರ ಕೆಮ್ಮಿತು. ಕಿಟಕಿ ಮಂಕಾಯಿತು. ಒಳಗೆ ಇಸ್ಪೀಟು ನಿಂತಿತು.

"ಆರ್ವಿಡ್," ಎಂದು ಡೆಲ್ಮರ್ ಕೂಗಿದ. "ಆರ್ವಿಡ್, ಇದೀಯೇನಯ್ಯ?" ಬರ್ನೆಟಾ ಕೂಗಿದಳು, ಪಾದ್ರಿಗಳೂ ಕೂಗಿದರು.

ಮೂವರೂ ಎರಡೆರಡು ಸಲ ಕರೆಯುವವರೆಗೆ ಅವನು ಸುಮ್ಮನಿದ್ದ. ಆಮೇಲೆ, "ಇಲ್ಲೇ ಇದೀನಿ, ಇಲ್ಲೇ ಇದೀನಿ," ಎನ್ನುತ್ತ ಬಗ್ಗಿ, ಬರಿಗೈಯಲ್ಲಿ ಸನ್ನೆ ಹಿಡಿದುಕೊಂಡ.