ಯಾರದೂ ಅಲ್ಲದ ಬೀಸುವ ಪದಗಳು

ನಮ್ಮ ಕಾಲೇಜಿನ ಕಂಪ್ಯೂಟರನ್ನು ಆಳುತ್ತಿರುವ ಕಾರ್ಯಾಚರಣಾ ವ್ಯವಸ್ಥೆಯವರ ಸನ್ನಿಧಿಗೆ,

ಮಾನ್ಯರೇ,

ಸಿಂದಗಿಯಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ಸುನಂದಾಳ ಶರಣು ಶರಣಾರ್ಥಿಗಳು. ತಾವು ಕ್ಷೇಮವೆಂದು ಹಸಿರು ದೀಪದಿಂದ ತಿಳಿಯಿತು.

ಕನ್ನೊಳ್ಳಿಯ ದಾವಲಬಿಯವರು ಬೀಸುಕಲ್ಲಿನ ಮುಂದೆ ಕೂತು ಹಾಡಿದ ಇಪ್ಪತ್ತೆರಡು ಪದಗಳನ್ನು ಹೋದ ವರ್ಷ ಧ್ವನಿಮುದ್ರಿಸಿ ತಮ್ಮಲ್ಲಿಟ್ಟಿದ್ದೆ. ಈ ವರ್ಷ ಅವರ ಗಂಟಲು ಕಟ್ಟಿದೆ, ಆ ದನಿ ತಮ್ಮಲ್ಲಿ ಮಾತ್ರ ಉಳಿದಿದೆ. ಆ ಪದಗಳಿಂದ ಕಲ್ಲಿನ ಗದ್ದಲ ತೆಗೆಯಲೆಂದು ನಾವು ಹಾಕಿಸಿದ ತಂತ್ರಾಂಶ ಏನಾದರೂ ಕಿತಾಪತಿ ಮಾಡೀತೆಂದು ತಾವು ಅದನ್ನು ಗೋಡೆ ಕಟ್ಟಿದ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿದ್ದೀರಿ. ಅಬ್ಬಾ, ಏನು ಮುಂದಾಲೋಚನೆ! ಆ ಕೋಣೆಯೊಳಗೆ ಹೋಗಿ ನಾನು ಯಾರೆಂದು ಕೇಳಿದರೆ, "ನೀನೇ ಸರ್ವಾಧಿಕಾರಿ" ಎಂದಿರಿ. ಹಿಗ್ಗಿ ಹೀರೇಕಾಯಿಯಾಗಿ ಪದಗಳನ್ನು ತೆರೆಯಹೋದರೆ ಅನುಮತಿಯಿಲ್ಲ. ಇವುಗಳ ಮಾಲೀಕರು ಯಾರೆಂದು ಕೇಳಿದರೆ, "ಯಾರೂ ಅಲ್ಲ" ಎಂದಿರಿ. ಹತ್ತೊಂಬತ್ತು ವರ್ಷದ ಸಂಸಾರದಲ್ಲೂ ನನಗೆ ಇಷ್ಟು ಅಚ್ಚುಕಟ್ಟಾದ ಅಧಿಕಾರ ಸಿಕ್ಕಿರಲಿಲ್ಲ.

ನಾಲ್ಕು ದಿನ ತಲೆ ಕೆರೆದುಕೊಂಡ ಮೇಲೆ ತಪ್ಪು ನಮ್ಮದೇ ಎಂದು ಗೊತ್ತಾಯಿತು. ಪದಗಳನ್ನು ಇಟ್ಟಾಗ ವಿಭಾಗದವರೆಲ್ಲ ಸಹೋದ್ಯೋಗಿ ಅನಿಲಕುಮಾರ ಸರ್ ಹೆಸರಿನಲ್ಲೇ ಲಾಗಿನ್ ಆಗುತ್ತಿದ್ದೆವು. ಅವರು ಮುದ್ದೇಬಿಹಾಳಕ್ಕೆ ವರ್ಗವಾದರು, ನನಗೆ ಸ್ವಂತ ಖಾತೆ ಬಂತು, ಪದಗಳು ತಾವು ಅವರ ಖಾತೆಗೆ ಕೊಟ್ಟ ಸಂಖ್ಯೆಯಲ್ಲೇ ಉಳಿದವು. ಕೋಣೆಯೊಳಗಿನವರಿಗೆ ಹೊರಗಿನ ಯಾರ ಪರಿಚಯವಿದೆ ಎಂಬ ತಮ್ಮ ಪಟ್ಟಿಯಲ್ಲಿ ಆ ಸಂಖ್ಯೆ ಇಲ್ಲ. ಹನ್ನೊಂದು ವರ್ಷ ನನ್ನೆದುರು ಕೂತು ಚಹಾ ಕುಡಿದವರನ್ನು ಯಾರೂ ಅಲ್ಲ ಎನ್ನಲು ನಿಜಕ್ಕೂ ಎದೆಗಾರಿಕೆ ಬೇಕು. ಕೋಣೆಯ ಹೊರಗಿನ ಅಸಲಿ ಸರ್ವಾಧಿಕಾರಿಯ ಪಾಸ್‌ವರ್ಡೂ ಅವರೊಬ್ಬರಿಗೇ ಗೊತ್ತಿತ್ತು, ಅದನ್ನು ಅವರು ಮರೆತಿದ್ದಾರೆ.

ತಮ್ಮ ಗೋಡೆಗಳನ್ನು ದಯವಿಟ್ಟು ಇಂಡಿಗೆ ಹೋಗುವ ಕಿಕ್ಕಿರಿದ ಬಸ್ಸಿಗೂ ಹಾಕಿಸಿಕೊಡಿ. ಪ್ರತಿಯೊಬ್ಬ ಪ್ರಯಾಣಿಕನೂ ಬಸ್ಸಿನಲ್ಲಿ ತಾನೊಬ್ಬನೇ ಎಂದುಕೊಂಡು ಕಾಲು ಚಾಚಲಿ.

ಸಂತೆಯ ದಿನ ದಾವಲಬಿಯವರು ತಮ್ಮ ಪದ ಕೇಳಲು ಬಂದರು. ತೆರೆಯುತ್ತಿಲ್ಲ, ಕಂಪ್ಯೂಟರು ಅವು ಯಾರದೂ ಅಲ್ಲವೆನ್ನುತ್ತಿದೆ ಎಂದು ಹೇಳುವಾಗ ನನಗೆ ಅಳುವೇ ಬಂತು. ಅವರು ನಕ್ಕರು. "ಖರೇನ ಹೇಳೈತಿ ಬಿಡ್ರಿ ಅಕ್ಕಾರ, ಯಾರ್ದೂ ಅಲ್ಲ. ನಮ್ಮತ್ತಿ ಹಾಡಿದ್ದು ನಾ ಹಾಡೀನಿ, ಇನ್ನ ನೀವು ಹಾಡ್ರಿ" ಎಂದು ಒಡೆದ ದನಿಯಲ್ಲೇ ಒಂದೊಂದು ಸಾಲು ಹೇಳಿಕೊಟ್ಟರು.

ಆದರೂ ಅವರ ಹಳೆಯ ದನಿ ನನಗೆ ಬೇಕು. ಬಿಟ್ಟುಕೊಡಿ, ಕೈಮುಗಿಯುತ್ತೇನೆ.

ಒಳಗೆ ಸರ್ವಾಧಿಕಾರಿ, ಹೊರಗೆ ತಮ್ಮ ವಿಶ್ವಾಸಿ,
ಸುನಂದಾ

ವಿ.ಸೂ.: ಏಳು ಪದ ಬಾಯಿಪಾಠವಾಗಿವೆ. ಸ್ಟಾಫ್‌ರೂಮಿನಲ್ಲಿ ಹಾಡುತ್ತಿರುತ್ತೇನೆ. ನನ್ನ ದನಿ ತಾಳಲಾರದೆ ಸಹೋದ್ಯೋಗಿಗಳು ನನ್ನನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸುವ ವಿಚಾರದಲ್ಲಿದ್ದಾರೆ. ಹಾಡು ಹೊರಗೆ ಬಾರದಂತೆ ಗೋಡೆ ಕಟ್ಟುವುದರಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂದು ಅವರಿಗೆ ನಾನಂತೂ ಹೇಳಿಲ್ಲ.